ನಂಬರ್ ಹಾಕಿದರೆ ಗಂಡನ ಗುಟ್ಟು ಸಿಗುತ್ತದಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬ್ಯಾಟರಿ, ಸ್ಟೋರೇಜ್, ಚಾರ್ಜರ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು, ಅವು ಕಾಯುವ ಪತ್ರಗಳಲ್ಲ. ಬರೆದವರ ಹೆಸರು ಹಾಕಿಲ್ಲ, ಗುರುತು ಹತ್ತುವ ಒಂದೆರಡು ವಿವರ ಬದಲಿಸಿದ್ದೇನೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹನ್ನೆರಡು ವರ್ಷ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು ನಾನು, ಈ ಸಂಕಟವನ್ನು ಕೌಂಟರಿನ ಈಚೆಯಿಂದ ಬಹಳ ಸಲ ನೋಡಿದ್ದೇನೆ.

ಸರ್, ನಮ್ಮದು ತೀರ್ಥಹಳ್ಳಿ ಹತ್ತಿರ ಹಳ್ಳಿ. ಮನೆಯವರು ಅಡಿಕೆ ವ್ಯಾಪಾರ ಮಾಡುತ್ತಾರೆ, ವಾರಕ್ಕೆ ಎರಡು ದಿನ ಶಿವಮೊಗ್ಗದ ಮಂಡಿಗೆ ಹೋಗುತ್ತಾರೆ. ಆರು ತಿಂಗಳಿಂದ ಫೋನ್ ಮಗುಚಿ ಇಡುತ್ತಾರೆ, ಸ್ನಾನಕ್ಕೆ ಹೋಗುವಾಗಲೂ ತಗೊಂಡು ಹೋಗುತ್ತಾರೆ. ನಂಬರ್ ಹಾಕಿದರೆ ಗಂಡನ ವಾಟ್ಸಾಪ್ ಎಲ್ಲ ಸಿಗುತ್ತೆ ಅಂತ ಒಂದು ಜಾಹೀರಾತು ನೋಡಿ ನಂಬರ್ ಹಾಕಿದೆ. ಅವರ ಫೋಟೋನೇ ಬಂತು! ಕೆಳಗೆ ಚಾಟ್ ಮಸುಕಾಗಿ ಕಾಣುತ್ತಿತ್ತು. 499 ರೂಪಾಯಿ ಕಟ್ಟಿದೆ. ಈಗ ಪೂರ್ತಿ ತೋರಿಸಲು ಇನ್ನೂ 1,999 ಕಟ್ಟಿ ಅನ್ನುತ್ತಿದೆ. ಕಟ್ಟಲಾ?

ಕಟ್ಟಬೇಡಿ. ಇದನ್ನು ಓದಿದ ತಕ್ಷಣ ಮೊದಲು 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ. ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. 499 ರೂಪಾಯಿಗೆ ಯಾರು ದೂರು ಕೊಡುತ್ತಾರೆ ಅಂತ ಬಿಡಬೇಡಿ, ಗಂಡನಿಗೆ ಗೊತ್ತಾಗಬಾರದು ಅಂತ ನೀವು ಸುಮ್ಮನಿರುತ್ತೀರಿ ಅನ್ನುವುದು ಆ ಜನಕ್ಕೆ ಚೆನ್ನಾಗಿ ಗೊತ್ತು. ಅವರ ವ್ಯಾಪಾರ ನಿಂತಿರುವುದೇ ಆ ಸಂಕೋಚದ ಮೇಲೆ.

ಈಗ ಆ ಫೋಟೋ ವಿಷಯ. ನಿಮ್ಮನ್ನು ನಂಬಿಸಿದ್ದು ಅದೇ ಅಲ್ವಾ? ಡಿಪಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಿರುವ ಯಾರ ನಂಬರಾದರೂ ಸರಿ, ವಾಟ್ಸಾಪಿನಲ್ಲಿ ಹುಡುಕಿದರೆ ಅದು ಕಾಣುತ್ತದೆ. ಮಂಡಿಯ ಹಮಾಲರಿಂದ ಹಿಡಿದು ಬ್ಯಾಂಕಿನವರವರೆಗೆ ನಿಮ್ಮ ಮನೆಯವರ ನಂಬರ್ ಇರುವ ಎಲ್ಲರಿಗೂ ಕಾಣುತ್ತದೆ. ಆ ತಾಣ ಮಾಡಿದ್ದು ಅಷ್ಟೇ. ಕೆಳಗಿನ ಮಸುಕಾದ ಚಾಟ್ ಯಾರದ್ದೂ ಅಲ್ಲ, ಯಾವ ನಂಬರ್ ಹಾಕಿದರೂ ಬರುವ ಒಂದು ಚಿತ್ರ. ನಂಬಿಕೆ ಬರದಿದ್ದರೆ ಈ ಮಾತನ್ನು ನೆನಪಿಡಿ: ವಾಟ್ಸಾಪ್ 2016ರಿಂದ ಎಲ್ಲರ ಸಂದೇಶಗಳನ್ನೂ ಎರಡು ತುದಿಯ ಫೋನುಗಳಲ್ಲಿ ಮಾತ್ರ ಬಿಚ್ಚುವಂತೆ ಬೀಗ ಹಾಕಿ ಕಳಿಸುತ್ತಿದೆ. ನಡುವೆ ಇರುವ ಕಂಪನಿಗೇ ಅದನ್ನು ಓದಲಾಗುವುದಿಲ್ಲ. ಹಾಗಿರುವಾಗ ಬರೀ ಹತ್ತು ಅಂಕಿಯ ನಂಬರ್ ಇಟ್ಟುಕೊಂಡು 499 ರೂಪಾಯಿಗೆ ಯಾರೋ ಓದಿ ತೋರಿಸುತ್ತಾರೆ ಅನ್ನುವುದು ಆಗದ ಮಾತು.

ಮುಂದಿನ ಹಂತ ಇನ್ನೂ ಕೆಟ್ಟದ್ದು. 1,999 ಕಟ್ಟಿದ ಮೇಲೆ "ಪರಿಶೀಲನೆಗೆ ನಿಮ್ಮ ಫೋನಿಗೆ ಬಂದ ಆರು ಅಂಕಿ ಹೇಳಿ" ಅಂತ ಕೇಳಬಹುದು. ಆ ಆರು ಅಂಕಿ ಕೊಟ್ಟರೆ ಅವರಿಗೆ ಸಿಗುವುದು ನಿಮ್ಮ ವಾಟ್ಸಾಪ್. ಅಲ್ಲಿಂದ ನಿಮ್ಮ ಹೆಸರಿನಲ್ಲೇ ಅಕ್ಕ, ತಂಗಿ, ಮಹಿಳಾ ಸಂಘದ ಗುಂಪಿಗೆಲ್ಲ ಅರ್ಜೆಂಟ್ ದುಡ್ಡು ಬೇಕು ಅಂತ ಸಂದೇಶ ಹೋಗುತ್ತದೆ. ಈಗಾಗಲೇ ಕೊಟ್ಟಿದ್ದರೆ ವಾಟ್ಸಾಪಿನಲ್ಲಿ ನಿಮ್ಮ ನಂಬರನ್ನು ಮತ್ತೆ ನೋಂದಾಯಿಸಿ, ಎರಡು ಹಂತದ ಪಿನ್ ಹಾಕಿಕೊಳ್ಳಿ.

ಇನ್ನೊಂದು ಬಗೆಯ ಸೇವೆಯೂ ಇದೆ, ಅದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಎರಡು ನಂಬರ್ ಕೊಟ್ಟರೆ ಇಬ್ಬರೂ ಯಾವ ಹೊತ್ತಿಗೆ ಆನ್‌ಲೈನ್ ಇದ್ದರು ಅಂತ ಪಟ್ಟಿ ಕೊಟ್ಟು, ಹೊತ್ತು ಹೊಂದಿದರೆ "ಇವರಿಬ್ಬರೂ ಮಾತಾಡುತ್ತಿದ್ದಾರೆ" ಅನ್ನುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಸಂಜೆ ಕರೆಂಟ್ ಹೋಗುತ್ತದೆ, ಟವರೂ ಮಲಗುತ್ತದೆ. ಎಂಟೂವರೆಗೆ ಕರೆಂಟ್ ಬಂದಾಗ ಇಡೀ ಊರು ಒಂದೇ ನಿಮಿಷಕ್ಕೆ ಆನ್‌ಲೈನ್ ಬರುತ್ತದೆ. ಆ ಪಟ್ಟಿಯ ಪ್ರಕಾರ ಊರಿನವರೆಲ್ಲರೂ ಒಬ್ಬರಿಗೊಬ್ಬರು ಗುಟ್ಟಾಗಿ ಮಾತಾಡುತ್ತಿದ್ದಾರೆ! ಇಂಥದ್ದನ್ನು ನೋಡಿ ಮನೆ ಮುರಿದುಕೊಳ್ಳಬಾರದು.

ಇನ್ನು ಫೋನ್ ಮಗುಚಿ ಇಡುವುದು. ನಿಮ್ಮ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಜೊತೆಗಿರುವವರ ನಡತೆ ಬದಲಾದಾಗ ಮೊದಲು ಗೊತ್ತಾಗುವುದು ಹೆಂಡತಿಗೆ, ಅದು ಬರೀ ಅನುಮಾನ ಅಂತ ತಳ್ಳಿಹಾಕುವ ವಿಷಯ ಅಲ್ಲ. ಆದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನುವುದು ಬೇರೆ, ಇಂಥದ್ದನ್ನೇ ಮುಚ್ಚಿಡುತ್ತಿದ್ದಾರೆ ಅನ್ನುವುದು ಬೇರೆ. ಒಂದು ಸಲ ಅಡಿಕೆ ಬೆಳೆಗಾರರೊಬ್ಬರು ಅಂಗಡಿಗೆ ಬಂದು, ಬರುವ ಸಂದೇಶ ಪರದೆಯ ಮೇಲೆ ಕಾಣದ ಹಾಗೆ ಮಾಡಿಕೊಡಿ ಅಂದರು. ಮಾಡಿಕೊಡುವಾಗಲೇ ಒಂದರ ಹಿಂದೆ ಒಂದು ಸಂದೇಶ ಬಂತು. ಎಲ್ಲವೂ ಸಾಲದ ಆ್ಯಪಿನವು: ಇವತ್ತು ಸಂಜೆ ಒಳಗೆ ಕಟ್ಟದಿದ್ದರೆ ನಿಮ್ಮ ಕಾಂಟ್ಯಾಕ್ಟಿನಲ್ಲಿರುವ ಎಲ್ಲರಿಗೂ ಫೋಟೋ ಕಳಿಸುತ್ತೇವೆ ಅಂತ. ಅವರ ಕೈ ನಡುಗುತ್ತಿತ್ತು. ತೋಟದ ಕೆಲಸ ಮಾಡಿ ಬೆರಳ ತುದಿಯೆಲ್ಲ ಅಡಿಕೆ ಕಲೆಯಿಂದ ಕಪ್ಪಾಗಿದ್ದ ಆ ಕೈ ಇವತ್ತಿಗೂ ನೆನಪಿದೆ. ಹೆಂಡತಿಗೆ ಗೊತ್ತಾಗಬಾರದು ಸಾರ್, ಅಷ್ಟೇ, ಅಂದರು. ನಿಮ್ಮ ಮನೆಯದೂ ಅದೇ ಕತೆ ಅಂತ ನನಗೆ ಗೊತ್ತಿಲ್ಲ. ಆದರೆ ಇಂಥದ್ದನ್ನು ಯಾವ ತಾಣವೂ ನಿಮಗೆ ಹೇಳುವುದಿಲ್ಲ, ಅವರ ಬಾಯಿಂದಲೇ ಬರಬೇಕು. ಮಂಡಿಯಿಂದ ದಣಿದು ಬಂದ ರಾತ್ರಿ ಬೇಡ. ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, "ನೀವು ಫೋನ್ ಮಗುಚಿ ಇಟ್ಟಾಗೆಲ್ಲ ನನಗೆ ಹೆದರಿಕೆಯಾಗುತ್ತೆ, ಏನಿದ್ದರೂ ಹೇಳಿ" ಅನ್ನಿ. ಯಾರು ಅವಳು ಅಂತ ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಸಾಗರದವಳು. ನಿಶ್ಚಿತಾರ್ಥ ಆಗಿದೆ, ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಗೆಳತಿ ಹೇಳಿದಳು ಅಂತ, ಜೋಡಿ ಹುಡುಕುವ ಆ್ಯಪ್ ಆದ ಟಿಂಡರ್‌ನಲ್ಲಿ ಪ್ರೊಫೈಲ್ ಇದೆಯಾ ಎಂದು ಹುಡುಕಿಕೊಡುವ ಒಂದು ಸೇವೆಗೆ ಅವನ ಹೆಸರು, ವಯಸ್ಸು, ಫೋಟೋ ಕೊಟ್ಟೆ. "ಪ್ರೊಫೈಲ್ ಸಿಕ್ಕಿದೆ" ಅಂತ ವರದಿ ಬಂದಿದೆ. ಎರಡು ದಿನದಿಂದ ಊಟ ಸೇರುತ್ತಿಲ್ಲ. ಮನೆಯಲ್ಲಿ ಹೇಳಿದರೆ ಡಿಟೆಕ್ಟಿವ್ ಇಡೋಣ ಅನ್ನುತ್ತಾರೆ. ಏನು ಮಾಡಲಿ?

ತಂಗಿ, ಮೊದಲು ಊಟ ಮಾಡಿ. ಈ ಸೇವೆಗಳು ಮೇಲಿನ ಮೊದಲ ಪತ್ರದವರಿಗೆ ಸಿಕ್ಕಂಥ ಪೂರಾ ಸುಳ್ಳಲ್ಲ, ಕೆಲವು ನಿಜವಾಗಿಯೂ ಹುಡುಕುತ್ತವೆ. ತೊಂದರೆ ಇರುವುದು ಸಿಕ್ಕಿದ್ದಕ್ಕೆ ಅರ್ಥ ಕಟ್ಟುವುದರಲ್ಲಿ. ಹೆಸರು, ವಯಸ್ಸು, ಊರು ಕೊಟ್ಟು ಹುಡುಕಿದರೆ ಬೆಂಗಳೂರಿನಲ್ಲಿ 29 ವರ್ಷದ ಪ್ರಶಾಂತ ಎಷ್ಟು ಜನ ಇರಬಹುದು, ನೀವೇ ಯೋಚಿಸಿ. ಫೋಟೋ ಹೊಂದಿದರೂ ಅದು ಅವನೇ ತೆರೆದ ಖಾತೆ ಅಂತ ಆಗುವುದಿಲ್ಲ. ಬೇರೆಯವರ ಇನ್‌ಸ್ಟಾಗ್ರಾಮಿನಿಂದ ಚೆಂದದ ಫೋಟೋ ಕದ್ದು ನಕಲಿ ಖಾತೆ ಮಾಡುವವರಿಗೆ ಕಡಿಮೆ ಇಲ್ಲ. ಅವನದೇ ಅಂತಾದರೂ, ಮೂರು ವರ್ಷದ ಹಿಂದೆ ತೆರೆದು ಮರೆತದ್ದಿರಬಹುದು. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಟಿಂಡರ್ ಖಾತೆ ಹೋಗುವುದಿಲ್ಲ, ಖಾತೆಯನ್ನೇ ಬೇರೆಯಾಗಿ ಅಳಿಸಬೇಕು. ತುಂಬ ಜನರಿಗೆ ಇದು ಗೊತ್ತಿಲ್ಲ.

ಒಂದು ಹಳೇ ಪ್ರಸಂಗ ಹೇಳುತ್ತೇನೆ. ಆ್ಯಶ್ಲಿ ಮ್ಯಾಡಿಸನ್ ಅಂತ ಕೆನಡಾದ ಒಂದು ತಾಣ, ಮದುವೆಯಾದವರಿಗೆ ಹೊರಗಿನ ಸಂಬಂಧ ಹುಡುಕಿಕೊಡುವುದೇ ಅದರ ಕೆಲಸ. 2015ರ ಜುಲೈನಲ್ಲಿ ಅದು ಹ್ಯಾಕ್ ಆಯಿತು, ಆಗಸ್ಟಿನಲ್ಲಿ 3 ಕೋಟಿಗೂ ಜಾಸ್ತಿ ಖಾತೆಗಳ ವಿವರ ಹೊರಗೆ ಬಂತು. ಕೂಡಲೇ "ನಿಮ್ಮ ಗಂಡನ ಇಮೇಲ್ ಹಾಕಿ, ಪಟ್ಟಿಯಲ್ಲಿ ಇದೆಯಾ ನೋಡಿ" ಅನ್ನುವ ತಾಣಗಳು ಹುಟ್ಟಿಕೊಂಡವು. ಜನ ಮುಗಿಬಿದ್ದು ನೋಡಿದರು. ಆದರೆ ಆ್ಯಶ್ಲಿ ಮ್ಯಾಡಿಸನ್‌ನಲ್ಲಿ ಖಾತೆ ತೆರೆಯುವಾಗ ಇಮೇಲ್ ನಿಮ್ಮದೇ ಹೌದಾ ಅಂತ ಖಚಿತಪಡಿಸಿಕೊಳ್ಳುತ್ತಲೇ ಇರಲಿಲ್ಲ. ಯಾರು ಯಾರ ಇಮೇಲನ್ನಾದರೂ ಹಾಕಬಹುದಿತ್ತು. ಅಂದರೆ ಪಟ್ಟಿ ಅಸಲಿ, ಪಟ್ಟಿಯಲ್ಲಿ ಹೆಸರು ಇರುವುದೂ ಅಸಲಿ, ಆದರೂ ಆ ಮನುಷ್ಯ ತಪ್ಪು ಮಾಡಿದ್ದಾನೆ ಅಂತ ಅದರಿಂದ ಹೇಳಲಾಗದು. ನಿಮ್ಮ ಕೈಲಿರುವ ವರದಿಯೂ ಅಂಥದ್ದೇ.

ಇನ್ನೊಂದು ಮಾತು, ಬೈಯುತ್ತಿಲ್ಲ, ಎಚ್ಚರಿಕೆಗೆ ಹೇಳುತ್ತಿದ್ದೇನೆ. ನೀವು ಅವನ ಫೋಟೋವನ್ನು ಗುರುತಿಲ್ಲದ ಜಾಗಕ್ಕೆ ಕೊಟ್ಟಿದ್ದೀರಿ, ನಿಮ್ಮ ಇಮೇಲನ್ನೂ ಕೊಟ್ಟಿರುತ್ತೀರಿ. ಅಮೆರಿಕದಲ್ಲಿ ಟೀ ಅಂತ ಒಂದು ಆ್ಯಪ್, ಹೆಂಗಸರು ತಾವು ಭೇಟಿಯಾಗುವ ಗಂಡಸರ ಬಗ್ಗೆ ಪರಸ್ಪರ ಎಚ್ಚರಿಸಿಕೊಳ್ಳಲು ಮಾಡಿದ್ದು. ಉದ್ದೇಶ ಒಳ್ಳೆಯದೇ. 2025ರ ಜುಲೈನಲ್ಲಿ ಅಲ್ಲಿಂದ ಸುಮಾರು 72,000 ಚಿತ್ರಗಳು ಸೋರಿದವು, ಅದರಲ್ಲಿ 13,000ದಷ್ಟು ಆ ಹೆಂಗಸರೇ ಗುರುತಿಗೆಂದು ಕೊಟ್ಟ ಸೆಲ್ಫಿ ಮತ್ತು ಗುರುತಿನ ಚೀಟಿ. ಸುರಕ್ಷತೆಗೆ ಅಂತ ಹೋದವರ ಮುಖವೇ ಬೀದಿಗೆ ಬಂತು.

ಡಿಟೆಕ್ಟಿವ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರರಿಗೆ ಲೈಸೆನ್ಸ್ ಕೊಡುವ ಕಾನೂನು ಇಲ್ಲ. 2007ರಲ್ಲಿ ರಾಜ್ಯಸಭೆಗೆ ಒಂದು ಮಸೂದೆ ಬಂದಿತ್ತು, ಅದು ಕಾನೂನಾಗಲಿಲ್ಲ. ಹಾಗಾಗಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಅಂತ ಬೋರ್ಡ್ ನೋಡಿ ಹೇಳಲಾಗುವುದಿಲ್ಲ. "ಕಾಲ್ ಲಿಸ್ಟ್ ತೆಗೆಸಿಕೊಡುತ್ತೇವೆ" ಅಂದವರನ್ನು ಅಲ್ಲಿಂದಲೇ ಬಿಡಿ. ಕಾಲ್ ಲಿಸ್ಟ್ ಕದ್ದು ಮಾರುತ್ತಿದ್ದ ಪತ್ತೇದಾರರನ್ನು 2018ರಲ್ಲಿ ಥಾಣೆ ಪೊಲೀಸರು ಬಂಧಿಸಿದ್ದಾರೆ. ಅದು ಅಪರಾಧ.

ಮದುವೆಗೆ ಮೊದಲು ವಿಚಾರಿಸುವುದು ತಪ್ಪಲ್ಲ. ನಮ್ಮ ಹಿರಿಯರು ಸಂಬಂಧ ಮಾಡುವ ಮೊದಲು ಹುಡುಗನ ಊರಿನಲ್ಲಿ ನೆಂಟರ ಮನೆ ಹುಡುಕಿ, ಒಂದು ರಾತ್ರಿ ಉಳಿದು, ಕೇಳಿ ತಿಳಿದುಕೊಂಡು ಬರುತ್ತಿದ್ದರು. ನೀವೂ ಅವನ ಜೊತೆ ಕೆಲಸ ಮಾಡುವವರು, ರೂಮಿನಲ್ಲಿದ್ದವರು ಯಾರಾದರೂ ಪರಿಚಯವಾಗುತ್ತಾರಾ ನೋಡಿ. ಎಲ್ಲಕ್ಕಿಂತ ಮೊದಲು ಅವನನ್ನೇ ಕೇಳಿ. "ನಿನ್ನ ಹೆಸರಿನಲ್ಲಿ ಟಿಂಡರ್ ಪ್ರೊಫೈಲ್ ಇದೆ ಅಂತ ಗೊತ್ತಾಯಿತು, ನಾನೇ ಹುಡುಕಿಸಿದೆ" ಅಂತ ಎರಡನ್ನೂ ಹೇಳಿ. ಹುಡುಕಿಸಿದ್ದನ್ನು ಮುಚ್ಚಿಡಬೇಡಿ. ಉತ್ತರಕ್ಕಿಂತ ಅವನು ಉತ್ತರ ಕೊಡುವ ರೀತಿಯನ್ನು ಗಮನಿಸಿ. ಮೆಸೇಜಿನಲ್ಲಿ ಬೇಡ, ಎದುರು ಕೂತು.

ಭದ್ರಾವತಿಯಿಂದ ಬರೆಯುತ್ತಿದ್ದೇನೆ. ಹೆಂಡತಿಯ ಫೋನಿಗೆ ಗೊತ್ತಾಗದ ಹಾಗೆ ಒಂದು ಆ್ಯಪ್ ಹಾಕಿದ್ದೇನೆ. ಫೋನ್ ಕೊಡಿಸಿದ್ದು ನಾನೇ, ಸಿಮ್ ನನ್ನ ಹೆಸರಲ್ಲೇ ಇದೆ. ಕೊಪ್ಪದ ಕಡೆ ತವರಿಗೆ ಹೋದ ದಿನ ಆ್ಯಪ್ ಅವಳನ್ನು ನಾಲ್ಕು ಕಿಲೋಮೀಟರ್ ಆಚೆ ತೋರಿಸಿತು. ರೆಕಾರ್ಡಿಂಗ್ ಕೋರ್ಟಿನಲ್ಲಿ ನಡೆಯುತ್ತದೆ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ? ಈ ಆ್ಯಪ್ ನಂಬಬಹುದಾ?

ಆ್ಯಪನ್ನು ಇವತ್ತೇ ತೆಗೆಯಿರಿ, ತೆಗೆದು ಅವರಿಗೆ ಹೇಳಿ. ನನ್ನ ಉತ್ತರ ಇಷ್ಟೇ, ಕಾರಣ ಕೆಳಗಿದೆ.

ಆ ನಾಲ್ಕು ಕಿಲೋಮೀಟರ್ ಮೊದಲು. ಮರದ ದಟ್ಟಣೆ, ಗುಡ್ಡದ ಮರೆ, ಹೆಂಚಿನ ಮನೆಯ ಒಳಗೆಲ್ಲ ಜಿಪಿಎಸ್ ಸರಿಯಾಗಿ ಸಿಗದಿದ್ದಾಗ ಫೋನು ಟವರಿನ ಲೆಕ್ಕದ ಮೇಲೆ ಜಾಗ ಊಹಿಸುತ್ತದೆ. ಪೇಟೆಯಲ್ಲಿ ಬೀದಿಗೊಂದು ಟವರ್ ಇರುವುದರಿಂದ ಊಹೆ ಹತ್ತಿರ ಬರುತ್ತದೆ. ಕೊಪ್ಪದ ಕಡೆ ಒಂದು ಟವರು ಎಷ್ಟೋ ಹಳ್ಳಿಗೆ, ಕೆಲವು ಸಲ ಕಣಿವೆ ಆಚೆಯ ಟವರೇ ಚೆನ್ನಾಗಿ ಸಿಗುತ್ತದೆ. ನಿಮ್ಮ ಹೆಂಡತಿ ತವರಿನ ಜಗಲಿಯಲ್ಲೇ ಕೂತಿದ್ದಿರಬಹುದು, ಆ್ಯಪು ಗುಡ್ಡದಾಚೆ ತೋರಿಸಿರಬಹುದು. ಆ ಒಂದು ಚುಕ್ಕೆ ಹಿಡಿದು ನೀವು ಎಷ್ಟು ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದೀರೋ.

ಆ್ಯಪ್ ಹಾಕುವಾಗ ಪ್ಲೇ ಸ್ಟೋರಿನಲ್ಲಿ ಸಿಗದೆ ಬೇರೆ ಕಡೆಯಿಂದ ಇಳಿಸಿಕೊಂಡಿರಿ, ಕೆಟ್ಟ ಆ್ಯಪ್ ಹಿಡಿಯುವ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿಸಿದರು, ಹೌದು ತಾನೆ? ಸಂಗಾತಿಯ ಮೇಲೆ ಗುಟ್ಟಾಗಿ ಕಣ್ಣಿಡುವ ಆ್ಯಪುಗಳನ್ನು ಗೂಗಲ್ ತನ್ನ ಸ್ಟೋರಿನಲ್ಲಿ ಬಿಡುವುದಿಲ್ಲ. ಅಂದರೆ ನೀವು ಹೆಂಡತಿಯ ಫೋನಿನ ಕಾವಲನ್ನೇ ತೆಗೆದುಬಿಟ್ಟಿರಿ. ಅದೇ ಫೋನಿನಲ್ಲಿ ಅವರ ಬ್ಯಾಂಕ್ ಇದೆ, ಮಕ್ಕಳ ಫೋಟೋ ಇದೆ. ಆ್ಯಪ್ ಎತ್ತಿಕೊಂಡದ್ದೆಲ್ಲ ನಿಮಗೆ ಮಾತ್ರ ಬರುವುದಿಲ್ಲ, ಮೊದಲು ಯಾವುದೋ ದೇಶದ ಕಂಪನಿಯ ಸರ್ವರಿಗೆ ಹೋಗುತ್ತದೆ. ಪೋಲೆಂಡಿನ ಲೆಟ್‌ಮಿಸ್ಪೈ ಎಂಬ ಇಂಥ ಆ್ಯಪ್ 2023ರಲ್ಲಿ ಹ್ಯಾಕ್ ಆಗಿ ಮುಚ್ಚಿತು, ಅಮೆರಿಕದ ಪಿಸಿಟ್ಯಾಟಲ್‌ಟೇಲ್ 2024ರಲ್ಲಿ ಹಾಗೇ ಮುಚ್ಚಿತು. ಕದ್ದು ನೋಡಿದವರ ವಿವರ, ನೋಡಿಸಿಕೊಂಡವರ ಸಂದೇಶ, ಎರಡೂ ಹೊರಗೆ ಬಂದವು. ಸ್ಪೈಫೋನ್ ಅನ್ನುವ ಕಂಪನಿಯನ್ನಂತೂ ಅಮೆರಿಕದ ವ್ಯಾಪಾರ ಆಯೋಗ 2021ರಲ್ಲಿ ಈ ದಂಧೆಯಿಂದಲೇ ನಿಷೇಧಿಸಿತು. ನಿಮ್ಮ ಹೆಂಡತಿ ತಪ್ಪು ಮಾಡಿದ್ದಾರೋ ಇಲ್ಲವೋ, ಅವರ ಖಾಸಗಿ ಫೋಟೋ ಅಪರಿಚಿತರ ಕೈಗೆ ಹೋಗುವಂಥ ದಾರಿಯನ್ನು ತೆರೆದದ್ದು ನೀವು.

ಕಾನೂನು. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಓದಿ ನೋಡಿ. ಹೆಂಗಸೊಬ್ಬಳ ಇಂಟರ್ನೆಟ್, ಇಮೇಲ್ ಅಥವಾ ಬೇರೆ ಎಲೆಕ್ಟ್ರಾನಿಕ್ ಸಂಪರ್ಕದ ಬಳಕೆಯ ಮೇಲೆ ಕಣ್ಣಿಡುವ ಗಂಡಸಿಗೆ ಮೊದಲ ಸಲವೇ ಮೂರು ವರ್ಷದವರೆಗೆ ಜೈಲು. ಗಂಡ ಅಂತ ಪ್ರತ್ಯೇಕ ವಿನಾಯಿತಿ ಅದರಲ್ಲಿ ಬರೆದಿಲ್ಲ. ಫೋನ್ ಕೊಡಿಸಿದ್ದು ನೀವೇ ಇರಬಹುದು, ಅದರೊಳಗಿನ ಮಾತು ಅವರದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರಲ್ಲ, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮದುವೆಯಾದ ಮಾತ್ರಕ್ಕೆ ಆ ಹಕ್ಕು ತವರಿನಲ್ಲಿ ಉಳಿದುಬಿಡುವುದಿಲ್ಲ.

ನೀವು ಹೇಳುವ ತೀರ್ಪು 2025ರ ಜುಲೈ 14ರದು, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠದ್ದು. ದಂಪತಿ ನಡುವಿನ ಕೇಸಿನಲ್ಲಿ, ಒಬ್ಬರಿಗೆ ತಿಳಿಯದೆ ಇನ್ನೊಬ್ಬರು ರೆಕಾರ್ಡ್ ಮಾಡಿದ ತಮ್ಮಿಬ್ಬರ ಮಾತುಕತೆಯನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಅಂತ ಅದು ಹೇಳಿದ್ದು ನಿಜ. ಹೆಂಡತಿಯ ಫೋನಿಗೆ ಗೂಢಚಾರಿ ಆ್ಯಪ್ ಹಾಕಬಹುದು ಅಂತ ಎಲ್ಲೂ ಹೇಳಿಲ್ಲ. ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಕಣ್ಣಿಡುವ ಹಂತಕ್ಕೆ ಬಂದಿದ್ದಾರೆ ಅಂದರೆ ಅವರ ನಡುವೆ ನಂಬಿಕೆ ಆಗಲೇ ಮುರಿದಿದೆ ಎಂಬ ಅರ್ಥದ ಮಾತೂ ಅದೇ ತೀರ್ಪಿನಲ್ಲಿದೆ. ಅಂದಹಾಗೆ, ಪರಸಂಬಂಧ 2018ರ ಸೆಪ್ಟೆಂಬರಿನಿಂದ ಅಪರಾಧವಲ್ಲ, ವಿಚ್ಛೇದನಕ್ಕೆ ಕಾರಣವಾಗಿ ಮಾತ್ರ ಉಳಿದಿದೆ. ಅಂದರೆ ಈಗ ನಿಮ್ಮ ಮನೆಯಲ್ಲಿ ಜೈಲಿಗೆ ಹೋಗುವ ಕೆಲಸ ಮಾಡಿರುವವರು ನೀವೊಬ್ಬರೇ. ಕಟುವಾಗಿ ಹೇಳಿದೆ, ನೀವು ಇನ್ನೂ ಹಿಂದೆ ಬರಬಹುದಾದ ಜಾಗದಲ್ಲಿದ್ದೀರಿ ಅನ್ನುವ ಕಾಳಜಿಯಿಂದಲೇ ಹೇಳಿದೆ.

ಹೊಸನಗರ ತಾಲೂಕು. ಮಗಳನ್ನು ಮದುವೆ ಮಾಡಿ ಕೊಟ್ಟು ಎರಡು ವರ್ಷವಾಯಿತು. ಅಳಿಯ ಅವಳ ಫೋನ್ ದಿನಾ ನೋಡುತ್ತಾನೆ. ನನ್ನ ಹತ್ತಿರ ಫೋನಿನಲ್ಲಿ ಮಾತಾಡಿದ್ದೆಲ್ಲ ಅವನಿಗೆ ಹೇಗೋ ಗೊತ್ತಾಗುತ್ತದೆ. ಮಗಳು ಈಗ ಹೂಂ, ಹಾಂ ಅಂತ ಇಷ್ಟೇ ಮಾತಾಡುತ್ತಾಳೆ. ಅವಳ ಫೋನಿನಲ್ಲಿ ಅಂಥ ಆ್ಯಪ್ ಇದೆಯಾ ಅಂತ ತಿಳಿಯುವುದು ಹೇಗೆ?

ಅಮ್ಮಾ, ನಿಮ್ಮ ಅನುಮಾನ ಸರಿ ಇರಬಹುದು. ಆದರೆ ಅವಸರ ಮಾಡಬೇಡಿ. ಆ್ಯಪ್ ತೆಗೆದ ಗಳಿಗೆಯಲ್ಲೇ ಹಾಕಿದವನಿಗೆ ಗೊತ್ತಾಗಬಹುದು, ಆ ಸಿಟ್ಟು ಮಗಳ ಮೇಲೆ ಹೋಗಬಾರದು. ಫೋನ್ ರೀಸೆಟ್ ಮಾಡಿಸಿದರೆ ಸಾಕ್ಷಿಯೂ ಅಳಿಸಿಹೋಗುತ್ತದೆ. ಅವಳ ಫೋನಿಗೆ ಈ ವಿಷಯ ಮೆಸೇಜ್ ಮಾಡಬೇಡಿ, ಅದರಲ್ಲಿ ಮಾತಾಡಲೂ ಬೇಡಿ.

ನೋಡುವುದು ಹೀಗೆ. ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್ ಅಂತ ಇದೆ, ಬೇರೆ ಕಂಪ್ಯೂಟರ್ ಅಥವಾ ಫೋನಿನಲ್ಲಿ ಅವಳ ವಾಟ್ಸಾಪ್ ತೆರೆದಿದ್ದರೆ ಅಲ್ಲಿ ಕಾಣುತ್ತದೆ. ಎಷ್ಟೋ ಸಲ ಆ್ಯಪೇ ಇರುವುದಿಲ್ಲ, ಇದೊಂದೇ ಇರುತ್ತದೆ. ಆಮೇಲೆ ಸೆಟ್ಟಿಂಗ್ಸಿನಲ್ಲಿ ಆ್ಯಕ್ಸೆಸಿಬಿಲಿಟಿ ತೆರೆದು ಯಾವ ಆ್ಯಪಿಗೆ ಅನುಮತಿ ಇದೆ ನೋಡಿ. ಫೋನಿನ ಮೇಲೆ ಹಿಡಿತ ಪಡೆದ ಆ್ಯಪುಗಳ ಡಿವೈಸ್ ಅಡ್ಮಿನ್ ಪಟ್ಟಿ ನೋಡಿ, ಪ್ಲೇ ಪ್ರೊಟೆಕ್ಟ್ ಆಫ್ ಆಗಿದೆಯಾ ನೋಡಿ. ನನ್ನ ಅಂಗಡಿಗೆ ಬ್ಯಾಟರಿ ನಿಲ್ಲುತ್ತಿಲ್ಲ ಅಂತ ಬಂದ ಒಂದು ಫೋನಿನಲ್ಲಿ ಫೋನಿನದೇ ಭಾಗ ಅನ್ನಿಸುವಂಥ ಹೆಸರಿಟ್ಟುಕೊಂಡು ಒಂದು ಆ್ಯಪ್ ಕೂತಿತ್ತು, ಚಿಹ್ನೆ ಎಲ್ಲೂ ಕಾಣುತ್ತಿರಲಿಲ್ಲ, ಮೈಕು, ಕ್ಯಾಮೆರಾ, ಲೊಕೇಶನ್ ಮೂರೂ ಅದರ ಕೈಯಲ್ಲಿತ್ತು. ಫೋನ್ ತಂದಿದ್ದ ಹುಡುಗಿ ಅದನ್ನು ನೋಡಿ ಅಳಲಿಲ್ಲ, ಸುಮ್ನೆ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಂಥದ್ದು ಸಿಕ್ಕರೆ ಮುಟ್ಟಬೇಡಿ, ಬೇರೆ ಫೋನಿನಿಂದ ಆ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಆಮೇಲೆ ನಿಮ್ಮ ಫೋನಿನಿಂದ 181ಕ್ಕೆ ಮಾಡಿ, ಅದು ಮಹಿಳಾ ಸಹಾಯವಾಣಿ. ವಕೀಲರು ಬೇಕಾದರೆ 15100, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ಇಂಥ ದೂರು ತೆಗೆದುಕೊಳ್ಳುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತ ಬಡಿತ ಮಾತ್ರ ಅಲ್ಲ, ಮಾನಸಿಕ ಹಿಂಸೆಯೂ ಸೇರುತ್ತದೆ. ದೂರು ಕೊಡಬೇಕಾ ಬೇಡವಾ ಅನ್ನುವುದನ್ನು ಮಾತ್ರ ಮಗಳೇ ತೀರ್ಮಾನಿಸಲಿ, ಅವಳಿಗಾಗಿ ನೀವು ತೀರ್ಮಾನಿಸಬೇಡಿ, ಈಗ ಅವಳ ಬದುಕಿನಲ್ಲಿ ಹಾಗೆ ಮಾಡುವವರು ಒಬ್ಬರು ಇದ್ದಾರೆ.

ಹಬ್ಬಕ್ಕೆ ಕರೆಸಿಕೊಳ್ಳಿ. ಬಂದ ಕೂಡಲೇ ಫೋನ್ ಕೇಳಬೇಡಿ. ಅವಳು ಸುಧಾರಿಸಿಕೊಳ್ಳಲಿ. ಸಂಜೆ ಅವಳ ಫೋನನ್ನು ಜಗಲಿಯಲ್ಲಿ ಚಾರ್ಜಿಗೆ ಹಾಕಿ, ರೇಡಿಯೊನೋ ಟೀವಿನೋ ಅದರ ಪಕ್ಕದಲ್ಲೇ ಹಚ್ಚಿಟ್ಟು, ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮಾತಾಡಿಸಿ.